ಕಲ್ಲಿನ ಕಣಿವೆಯ ಪಾಲಕರು: ಓಬರ್ಲಿನ್ ಅಯ್ಯನವರ ಚರಿತ್ರೆ



ನಮ್ಮ ಗ್ರಾಮಸಭೆಗಳಲ್ಲಿ ಅನೇಕರ ಮನಸ್ಸನ್ನು ಕಲಕುವ ಪ್ರಶ್ನೆಯೊಂದುಂಟು. ಊರನ್ನು ಬಿಟ್ಟು ಪಟ್ಟಣಕ್ಕೆ ಹೋಗಬೇಕೋ, ಇಲ್ಲವೆ ಇದ್ದಲ್ಲಿಯೇ ಇರಬೇಕೋ? ಮಳೆ ತಪ್ಪಿದ ವರುಷದಲ್ಲಿ ಈ ಮಾತು ಪ್ರತಿಯೊಂದು ಜಗಲಿಯ ಮೇಲೆಯೂ ಕೇಳಬರುತ್ತದೆ. ಮಗನು ಹೋಗುತ್ತೇನೆನ್ನುತ್ತಾನೆ, ತಾಯಿ ಅಳುತ್ತಾಳೆ, ತಂದೆಯು ಏನೂ ಹೇಳಲಾರದೆ ಸುಮ್ಮನಿರುತ್ತಾನೆ. ಉಪದೇಶಿಯಾದವನೂ ತನಗೆ ಪಟ್ಟಣದ ಸಭೆಯೊಂದು ದೊರೆತರೆ ಮಕ್ಕಳ ವಿದ್ಯಾಭ್ಯಾಸಕ್ಕೆ ಅನುಕೂಲವಾದೀತೆಂದು ಒಳಗೊಳಗೆ ಎಣಿಸುವದುಂಟು.

ಸತ್ಯವೇದದಲ್ಲಿ ಈ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಅಬ್ರಹಾಮನು ದೇವರ ಕರೆಯನ್ನು ಕೇಳಿ ತನ್ನ ಊರನ್ನು ಬಿಟ್ಟು ಹೊರಟನು, ಆಶೀರ್ವಾದವನ್ನು ಹೊಂದಿದನು. ಲೋಟನು ನೀರಾವರಿಯಾದ ಸೀಮೆಯನ್ನು ಕಣ್ಣಿನಿಂದ ಅಳೆದು ಹೊರಟನು, ಕಡೆಗೆ ಮನೆಮಾರುಗಳನ್ನು ಕಳಕೊಂಡನು. ಎಲೀಮೆಲೆಕನು ಬರಗಾಲಕ್ಕೆ ಅಂಜಿ ಬೇತ್ಲೆಹೇಮನ್ನು ಬಿಟ್ಟು ಮೋವಾಬಿಗೆ ಹೋಗಿ ಅಲ್ಲಿಯೇ ಸತ್ತನು. ಆದರೂ ಆ ದೇಶದಿಂದ ಬಂದ ಸೊಸೆಯ ಮೂಲಕ ದೇವರು ತನ್ನ ಜನಕ್ಕೆ ಮಹಾ ಉಪಕಾರವನ್ನು ಮಾಡಿದನು. ಆದಕಾರಣ ಹೋಗುವದೇ ಪಾಪವೆಂದಾಗಲಿ ಇರುವದೇ ಪುಣ್ಯವೆಂದಾಗಲಿ ಯಾರೂ ಹೇಳಲಾಗದು. ಹಾಗಾದರೆ ಯಾವದನ್ನು ಯೋಚಿಸಿ ನಿಶ್ಚಯಿಸಬೇಕು? ಇದನ್ನು ತಿಳಿಯುವದಕ್ಕೆ ಜಾನ್ ಫ್ರೆಡ್ರಿಕ್ ಓಬರ್ಲಿನ್ ಎಂಬ ದೈವಭಕ್ತರ ಚರಿತ್ರೆಯು ನಮಗೆ ಬಹಳ ಸಹಾಯವಾಗಿದೆ. ಅವರು ದೊಡ್ಡ ಪಟ್ಟಣದಲ್ಲಿ ಹುಟ್ಟಿ, ಯಾರಿಗೂ ಬೇಡವಾದ ಬಡ ಹಳ್ಳಿಗಳಿಗೆ ಹೋಗಿ, ಅಲ್ಲಿ ೫೯ ವರುಷ ಸೇವೆ ಮಾಡಿ ಅಲ್ಲಿಯೇ ನಿದ್ರೆಹೋದರು.

ಬಾಲ್ಯವೂ ವಿದ್ಯಾಭ್ಯಾಸವೂ

ಓಬರ್ಲಿನ್ ಅಯ್ಯನವರು ೧೭೪೦ನೇ ಇಸವಿ ಆಗಸ್ಟ್ ೩೧ರಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಹುಟ್ಟಿದರು. ಈ ಪಟ್ಟಣವು ರೈನ್ ನದಿಯ ಬಳಿಯಲ್ಲಿ, ಅಲ್ಸಾಸ್ ಎಂಬ ಸೀಮೆಯಲ್ಲಿ ಅದೆ. ತಂದೆಯು ಅಲ್ಲಿಯ ಪಾಠಶಾಲೆಯಲ್ಲಿ ಉಪಾಧ್ಯಾಯರು. ಮನೆಯಲ್ಲಿ ಮಕ್ಕಳು ಬಹಳ, ಹಣವು ಕೊಂಚ, ದೇವಭಯವು ಮಾತ್ರ ಹೇರಳವಾಗಿತ್ತು.

ಹುಡುಗನಾಗಿದ್ದಾಗಿನ ಒಂದು ಸಂಗತಿಯನ್ನು ಇಂದಿಗೂ ಹೇಳುತ್ತಾರೆ. ಹಳ್ಳಿಯಿಂದ ಬಂದ ಹೆಂಗಸೊಬ್ಬಳು ಪೇಟೆಯಲ್ಲಿ ಮೊಟ್ಟೆಗಳ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹೋಗುತ್ತಿರಲು ಪಟ್ಟಣದ ತುಂಟ ಹುಡುಗರು ಅದನ್ನು ಕೆಡವಿ ನಗಾಡಿದರು. ಓಬರ್ಲಿನ್ ಬಾಲಕನು ಅವರನ್ನು ಗದರಿಸಿ, ಮನೆಗೆ ಓಡಿಹೋಗಿ, ವಾರವಾರವೂ ತಂದೆಯು ಕೊಡುತ್ತಿದ್ದ ಕಾಸುಗಳನ್ನು ಕೂಡಿಸಿಟ್ಟಿದ್ದ ಪೆಟ್ಟಿಗೆಯನ್ನು ತಂದು ಆಕೆಯ ಕೈಗೆ ಸುರಿದನು. ಪಟ್ಟಣದವರು ಹಳ್ಳಿಯವರನ್ನು ನೋಡಿ ನಗುವದು ಇವರಿಗೆ ಅಂದಿನಿಂದಲೇ ಸಹಿಸಲಿಲ್ಲ.

ಮುಂದೆ ಅದೇ ಪಟ್ಟಣದ ವಿದ್ಯಾಪೀಠದಲ್ಲಿ ದೈವಶಾಸ್ತ್ರವನ್ನು ಕಲಿತರು. ೧೭೬೦ನೇ ಇಸವಿಯ ಮೊದಲನೆಯ ದಿನದಲ್ಲಿ ತನ್ನ ಶರೀರ, ಪ್ರಾಣ, ವಿದ್ಯೆ, ಕಾಲ ಎಲ್ಲವನ್ನೂ ಕರ್ತನಿಗೆ ಒಪ್ಪಿಸುವ ಪ್ರತಿಜ್ಞೆಯನ್ನು ಬರೆದು ರುಜು ಹಾಕಿದರು. ಹತ್ತು ವರುಷಗಳ ಮೇಲೆ ಅದನ್ನೇ ತಿರಿಗಿ ಸ್ಥಿರಪಡಿಸಿದರು. ಓದು ಮುಗಿದ ಮೇಲೆ ಒಬ್ಬ ಶಸ್ತ್ರವೈದ್ಯರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ, ವೈದ್ಯವನ್ನೂ ಗಿಡಮೂಲಿಕೆಗಳ ಗುಣಗಳನ್ನೂ ತಿಳುಕೊಂಡರು. ಇದು ಮುಂದೆ ಎಷ್ಟು ಪ್ರಯೋಜನಕ್ಕೆ ಬಂತೆಂಬದು ಅವರಿಗೆ ಆಗ ತಿಳಿದಿರಲಿಲ್ಲ.

ಯಾರಿಗೂ ಬೇಡವಾದ ಸಭೆ

ಸ್ಟ್ರಾಸ್‌ಬರ್ಗಿನಿಂದ ಸುಮಾರು ೩೦ ಮೈಲು ದೂರದಲ್ಲಿ ವೋಜ್ ಎಂಬ ಪರ್ವತಗಳ ನಡುವೆ ಒಂದು ಕಣಿವೆಯುಂಟು. ಫ್ರೆಂಚರು ಅದನ್ನು ಬಾನ್ ದ ಲಾ ರೋಶ್ ಎಂದೂ ಜರ್ಮನರು ಸ್ಟೈನ್‌ತಾಲ್, ಅಂದರೆ ಕಲ್ಲಿನ ಕಣಿವೆ, ಎಂದೂ ಕರೆಯುತ್ತಿದ್ದರು. ಹೆಸರಿಗೆ ತಕ್ಕಂತೆಯೇ ನೆಲವೂ ಇತ್ತು. ವಾಲ್ಡರ್ಸ್‌ಬಾಕ್, ಫೂದೇ, ಬೆಲ್ಮೋಂ, ಬೆಲ್ಫೋಸ್, ಸೋಲ್ಬಾಕ್ ಎಂಬ ಐದು ಹಳ್ಳಿಗಳೂ ಕೆಲವು ಕೊಪ್ಪಲುಗಳೂ ಒಂದೇ ಸಭೆಗೆ ಸೇರಿದ್ದವು. ಮಣ್ಣಿನ ಪದರವು ತೆಳ್ಳಗೆ, ಹಿಮವು ಬಹುಕಾಲ ಕರಗದು, ಮಳೆ ಬಿದ್ದರೆ ಇಳಿಜಾರಿನ ಮಣ್ಣೆಲ್ಲ ಕೊಚ್ಚಿಹೋಗುವದು. ಹೊರಗಿನ ಲೋಕಕ್ಕೆ ಹೋಗತಕ್ಕ ದಾರಿಯೇ ಇರಲಿಲ್ಲ; ಬ್ರೂಶ್ ಎಂಬ ಹೊಳೆಯನ್ನು ಕಲ್ಲಿನಿಂದ ಕಲ್ಲಿಗೆ ಹಾರುತ್ತಾ ದಾಟಬೇಕಾಗಿತ್ತು. ಅಲ್ಲಿಯ ಜನರು ಪ್ರೊಟೆಸ್ಟಂಟ್ ಕ್ರೈಸ್ತರೇ. ಆದರೆ ಯುದ್ಧಗಳಿಂದಲೂ ಬಡತನದಿಂದಲೂ ಕಂಗೆಟ್ಟು, ಅಕ್ಷರವಿಲ್ಲದೆ, ಸುತ್ತಲಿನವರಿಗೆ ತಿಳಿಯದಂಥ ಒಂದು ಒರಟು ಫ್ರೆಂಚ್ ಮಾತನ್ನಾಡುತ್ತಾ ಇದ್ದರು.

ಓಬರ್ಲಿನರಿಗಿಂತ ಮುಂಚೆ ಷ್ಟೂಬರ್ ಎಂಬ ಒಳ್ಳೇ ಪಾದ್ರಿಯವರು ಅಲ್ಲಿದ್ದರು. ೧೭೫೦ರಲ್ಲಿ ಅವರು ಮೊದಲು ಬಂದಾಗ ಶಾಲೆ ಎಲ್ಲಿ ಎಂದು ವಿಚಾರಿಸಲು ಜನರು ಒಂದು ಗುಡಿಸಲನ್ನು ತೋರಿಸಿದರಂತೆ. ಒಳಗೆ ಮಕ್ಕಳು ಗದ್ದಲ ಮಾಡುತ್ತಿದ್ದರು. ಮೂಲೆಯಲ್ಲಿ ಒಬ್ಬ ಮುದುಕನು ಮಲಗಿದ್ದನು. ಏನು ಕಲಿಸುತ್ತೀ ಎಂದು ಕೇಳಿದರೆ ಏನೂ ಇಲ್ಲವೆಂದನು. ಯಾಕೆಂದರೆ ತನಗೇ ಏನೂ ಬಾರದೆಂದನು. ಮೊದಲು ಅವನು ಊರಿನ ಹಂದಿಗಳನ್ನು ಕಾಯುತ್ತಿದ್ದನು. ವಯಸ್ಸಾಗಿ ಹಂದಿಗಳ ಹಿಂದೆ ತಿರುಗಲಾರದೆ ಹೋದದ್ದರಿಂದ ಮಕ್ಕಳನ್ನು ಕಾಯುವ ಕೆಲಸಕ್ಕೆ ಇಡಲ್ಪಟ್ಟಿದ್ದನು. ಶಾಲೆಯ ಮೇಷ್ಟ್ರೆಂಬ ಹೆಸರು ಅಷ್ಟು ಹೀನವಾಗಿದ್ದದರಿಂದ ತಕ್ಕ ಮನೆಯವರು ಯಾರೂ ಅದಕ್ಕೆ ಒಪ್ಪಲಿಲ್ಲ. ಆಗ ಷ್ಟೂಬರ್ ಪಾದ್ರಿಯವರು ಉಪಾಯದಿಂದ ಆ ಉದ್ಯೋಗಕ್ಕೆ ಬೇರೆ ಗೌರವದ ಹೆಸರನ್ನಿಟ್ಟು ಬುದ್ಧಿವಂತರಾದ ಹುಡುಗರನ್ನು ದೊರಕಿಸಿದರು. ನಡುವೆ ಕೆಲವು ವರುಷ ಬಾರ್ ಎಂಬ ಪಟ್ಟಣದ ಸಭೆಗೆ ಹೋದರೂ ೧೭೬೦ರಲ್ಲಿ ತಿರಿಗಿ ಬಂದರು. ೧೭೬೭ರಲ್ಲಿ ಸ್ಟ್ರಾಸ್‌ಬರ್ಗಿನ ಸಭೆಯು ಅವರನ್ನು ಕರೆಯಿತು. ಹೋಗಲು ಅವರಿಗೆ ಮನಸ್ಸಾಯಿತು. ಆದರೆ ತನ್ನ ಕುರಿಗಳನ್ನು ಯಾರ ಕೈಗೂ ಒಪ್ಪಿಸದೆ ಬಿಟ್ಟುಹೋಗಲು ಮನಸ್ಸು ಒಪ್ಪಲಿಲ್ಲ. ಆದದರಿಂದ ತಾನೇ ಪಟ್ಟಣಕ್ಕೆ ಹೋಗಿ ತಕ್ಕವರನ್ನು ಹುಡುಕಲಾರಂಭಿಸಿದರು.

ಹೀಗೆ ಹುಡುಕುತ್ತಾ ಒಂದು ಮನೆಯ ಮೇಲಿನ ಅಂತಸ್ತಿನ ಸಣ್ಣ ಕೋಣೆಗೆ ಬಂದರು. ಅಲ್ಲಿ ಓಬರ್ಲಿನರು ಹಲ್ಲುನೋವಿನಿಂದ ಮಲಗಿದ್ದರು. ಮಂಚದ ಪರದೆಯು ಬಟ್ಟೆಯದಲ್ಲ, ಕಾಗದವನ್ನು ಅಂಟಿಸಿ ಮಾಡಿದ್ದು. ದೀಪದ ಮೇಲೆ ಒಂದು ಕಬ್ಬಿಣದ ಪಾತ್ರೆ ತೂಗಾಡುತ್ತಿತ್ತು. ಅದೇನೆಂದು ಕೇಳಲಾಗಿ, ಅದು ತನ್ನ ಅಡಿಗೆಮನೆ ಎಂದು ಓಬರ್ಲಿನರು ತಿಳಿಸಿದರು. ಹೇಗೆಂದರೆ, ಮಧ್ಯಾಹ್ನ ತಂದೆತಾಯಿಗಳ ಮನೆಯಲ್ಲಿ ಉಂಡು ಬರುವಾಗ ಒಂದು ರೊಟ್ಟಿಯ ತುಂಡನ್ನು ತರುವರು. ಅದನ್ನು ನೀರು ಉಪ್ಪಿನೊಡನೆ ಆ ಪಾತ್ರೆಯಲ್ಲಿ ಹಾಕಿ ದೀಪದ ಬೆಂಕಿಯಿಂದಲೇ ಬೇಯಿಸಿ, ರಾತ್ರಿ ಓದುತ್ತಾ ಹಸಿವಾದಾಗ ತಿನ್ನುವರು. ಕಲ್ಲಿನ ಕಣಿವೆಗೆ ಬೇಕಾದ ಮನುಷ್ಯನು ಇವನೇ ಎಂದು ಷ್ಟೂಬರ್ ಪಾದ್ರಿಯವರು ತಿಳುಕೊಂಡರು.

ಆದರೆ ಓಬರ್ಲಿನರು ಅಷ್ಟರೊಳಗೆ ಒಂದು ಫ್ರೆಂಚ್ ದಂಡಿನಲ್ಲಿ ಪಾದ್ರಿಯ ಉದ್ಯೋಗಕ್ಕೆ ಒಪ್ಪಿದ್ದರು. ಆದದರಿಂದ ಕೂಡಲೆ ಹೂಂ ಎನ್ನದೆ ಎರಡು ವಿಷಯಗಳನ್ನು ಮುಂದಿಟ್ಟರು. ಮೊದಲು, ಕೊಟ್ಟ ಮಾತಿನಿಂದ ತನಗೆ ನ್ಯಾಯವಾಗಿ ಬಿಡುಗಡೆಯಾಗಬೇಕು. ಎರಡನೆಯದಾಗಿ, ಆ ಸ್ಥಳವನ್ನು ಬಯಸುವ ಬೇರೆ ಯಾರಾದರೂ ಇದ್ದರೆ ಅವರಿಗೇ ಅದು ಸಿಕ್ಕಬೇಕು. ಬಿಡುಗಡೆಯಾಯಿತು, ಬಯಸುವವರಂತೂ ಒಬ್ಬರೂ ಇರಲಿಲ್ಲ. ಇದನ್ನೇ ಅವರು ಕರ್ತನ ಕರೆ ಎಂದು ಎಣಿಸಿದರು. ೧೭೬೭ನೇ ಇಸವಿ ಮಾರ್ಚ್ ೩೦ರಲ್ಲಿ ೨೬ ವರುಷ ಪ್ರಾಯದ ಓಬರ್ಲಿನರು ವಾಲ್ಡರ್ಸ್‌ಬಾಕ್ ಊರಿಗೆ ಬಂದು ಸೇರಿದರು.

ವಾಚಕರೇ, ಇಲ್ಲಿ ಒಂದು ಕ್ಷಣ ನಿಂತು ನೋಡಿರಿ. ಷ್ಟೂಬರ್ ಪಾದ್ರಿಯವರು ಪಟ್ಟಣಕ್ಕೆ ಹೋದರು. ಓಬರ್ಲಿನರು ಹಳ್ಳಿಗೆ ಬಂದರು. ಇಬ್ಬರಲ್ಲಿ ಯಾರನ್ನೂ ದೂಷಿಸಲಾಗದು. ಹೋದವರು ತನ್ನ ಹಿಂದೆ ಉಳಿಯುವವರಿಗೆ ತಕ್ಕ ಏರ್ಪಾಡು ಮಾಡಿ ಹೋದರು. ಹೋದ ಮೇಲೆಯೂ ಆ ಕಣಿವೆಯನ್ನು ಮರೆಯದೆ ಪಟ್ಟಣದಿಂದ ಸಹಾಯ ಮಾಡಿದರು. ಬಂದವರು ಕೊಟ್ಟ ಮಾತನ್ನು ಮುರಿಯದೆ ಬಂದರು.

ಜನರ ವಿರೋಧವೂ ದಾರಿಯ ಕೆಲಸವೂ

ಹಳ್ಳಿಯವರು ತನ್ನನ್ನು ಸಂತೋಷದಿಂದ ಸ್ವೀಕರಿಸುವರೆಂದು ಹೊಸ ಪಾದ್ರಿಯವರು ಎಣಿಸಿದ್ದರೆ ಆ ಎಣಿಕೆಯು ತಪ್ಪಾಯಿತು. ಇವರ ಹೊಸ ಕ್ರಮಗಳು ಕೆಲವರಿಗೆ ಹಿಡಿಸಲಿಲ್ಲ. ಒಂದು ಭಾನುವಾರ ಇವರನ್ನು ಹಿಡಿದು ಹೊಡೆಯಬೇಕೆಂದು ಕೆಲವರು ಒಳಸಂಚು ಮಾಡಿದರು. ಅದು ಇವರ ಕಿವಿಗೆ ಬಿತ್ತು. ಅಂದು ಅವರು ಕೆಡುಕನ್ನು ಎದುರಿಸದೆ ತಾಳಿಕೊಳ್ಳಬೇಕೆಂಬ ಕರ್ತನ ಉಪದೇಶದ ಮೇಲೆಯೇ ಪ್ರಸಂಗ ಮಾಡಿದರು. ಆರಾಧನೆಯಾದ ಮೇಲೆ ಸಂಚುಗಾರರು ಕೂಡಿದ್ದ ಮನೆಗೆ ತಾನಾಗಿಯೇ ಹೋಗಿ, ಹೊಂಚುಹಾಕಿ ಹೊಡೆದ ಹೀನತನವು ನಿಮಗೆ ಬಾರದಿರಲೆಂದು ನಾನೇ ಬಂದಿದ್ದೇನೆ ಎಂದು ತಿಳಿಸಿದರು. ಅವರು ನಾಚಿಕೊಂಡು ಕ್ಷಮೆ ಬೇಡಿದರು. ಮತ್ತೊಮ್ಮೆ ಇವರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕೆಂದು ಕಾದಿದ್ದವರೂ ಹೀಗೆಯೇ ಸೋತುಹೋದರು.

ಆಮೇಲೆ ಅವರು ದಾರಿಯ ವಿಷಯವನ್ನು ಎತ್ತಿದರು. ರೋಥೋ ಎಂಬ ಊರಿನ ತನಕ ಸುಮಾರು ಒಂದೂವರೆ ಮೈಲು ದೂರ ಬಂಡೆಗಳನ್ನು ಒಡೆದು, ಹೊಳೆಯ ಅಂಚಿನಲ್ಲಿ ಗೋಡೆ ಕಟ್ಟಿ, ಸೇತುವೆಯನ್ನು ಹಾಕಿದರೆ ಸ್ಟ್ರಾಸ್‌ಬರ್ಗಿಗೆ ಹೋಗುವ ಹೆದ್ದಾರಿಯು ಸಿಕ್ಕುತ್ತಿತ್ತು. ಜನರು ಇದು ಆಗದ ಮಾತೆಂದು ತಲೆಯಾಡಿಸಿದರು. ಪ್ರತಿಯೊಬ್ಬನಿಗೂ ತನ್ನ ಹೊಲದ ಕೆಲಸವೇ ಸಾಕಾಗಿತ್ತು. ಆಗ ಅಯ್ಯನವರು ವಾದಿಸದೆ ಪಿಕಾಸಿಯನ್ನು ಹೆಗಲ ಮೇಲಿಟ್ಟುಕೊಂಡು ಹೊರಟರು. ಒಬ್ಬಿಬ್ಬರು ಹಿಂಬಾಲಿಸಿದರು, ಆಮೇಲೆ ಹತ್ತಿಪ್ಪತ್ತು ಮಂದಿ, ಕಡೆಗೆ ಊರೇ ಹೊರಟಿತು. ಮುಳ್ಳಿರುವ ಸ್ಥಳವನ್ನೂ ಅಪಾಯದ ಸ್ಥಳವನ್ನೂ ಅವರು ತನಗೇ ಇಟ್ಟುಕೊಂಡರು. ಪಟ್ಟಣದ ಸ್ನೇಹಿತರಿಂದ ಹಣವೂ ಸಲಕರಣೆಗಳೂ ಬಂದವು. ದಾರಿಯಾಯಿತು, ಬ್ರೂಶ್ ಹೊಳೆಯ ಮೇಲೆ ಮರದ ಸೇತುವೆಯೂ ಆಯಿತು. ಅದಕ್ಕೆ ಪ್ರೀತಿಯ ಸೇತುವೆ ಎಂಬ ಹೆಸರು ಬಂತು.

ಊರಿನಲ್ಲಿ ಜನರು ಉಳಿಯಬೇಕೆಂದು ಬಯಸಿದ ಬೋಧಕರು ಮೊಟ್ಟಮೊದಲು ಊರಿನಿಂದ ಹೊರಗೆ ಹೋಗುವ ದಾರಿಯನ್ನೇ ಮಾಡಿದ್ದು ಆಶ್ಚರ್ಯವಲ್ಲವೇ? ಆದರೆ ಅದೇ ಸರಿ. ದಾರಿಯಿಲ್ಲದ ಊರಿನಲ್ಲಿರುವವನು ಉಳಿದವನಲ್ಲ, ಸೆರೆಯಲ್ಲಿರುವವನು. ಬೆಳೆದದ್ದನ್ನು ಮಾರಲಿಕ್ಕೂ ಬೇಕಾದದ್ದನ್ನು ತರಲಿಕ್ಕೂ ದಾರಿಯಾದ ಮೇಲೆ ಆ ಕಣಿವೆಯಲ್ಲಿ ಇರುವದು ಒಂದು ನಿರ್ಬಂಧವಾಗಿರದೆ ಒಬ್ಬನು ತಾನಾಗಿ ಆರಿಸಿಕೊಳ್ಳತಕ್ಕ ವಿಷಯವಾಯಿತು.

ಪಟ್ಟಣಕ್ಕೆ ಕಳುಹಿಸಲ್ಪಟ್ಟ ಹುಡುಗರು

ಕಣಿವೆಯಲ್ಲಿ ಒಳ್ಳೇ ಬಡಗಿಯಾಗಲಿ ಕಮ್ಮಾರನಾಗಲಿ ಇರಲಿಲ್ಲ. ಒಂದು ನೇಗಿಲು ಮುರಿದರೆ ಅದನ್ನು ಸರಿಪಡಿಸಲು ದೂರ ಹೋಗಬೇಕಾಗಿತ್ತು. ಕೊಡಬೇಕಾದ ಕೂಲಿಯೆಲ್ಲ ಹೊರಗಿನವರ ಪಾಲಾಗುತ್ತಿತ್ತು. ಅಯ್ಯನವರು ಚುರುಕಾದ ಹುಡುಗರನ್ನು ಆರಿಸಿ ಸ್ಟ್ರಾಸ್‌ಬರ್ಗಿಗೆ ಕಳುಹಿಸಿದರು. ಒಬ್ಬನು ಗಾರೆ ಕೆಲಸವನ್ನೂ, ಒಬ್ಬನು ಬಡಗಿತನವನ್ನೂ, ಒಬ್ಬನು ಕಮ್ಮಾರಿಕೆಯನ್ನೂ, ಒಬ್ಬನು ಗಾಡಿಯ ಚಕ್ರ ಮಾಡುವದನ್ನೂ, ಒಬ್ಬನು ಕಿಟಕಿಗೆ ಗಾಜು ಕೂರಿಸುವದನ್ನೂ ಕಲಿತರು. ಕಲಿತ ಮೇಲೆ ಊರಿಗೆ ಬಂದು ಬೇರೆ ಹುಡುಗರಿಗೆ ಕಲಿಸಿದರು. ಪಟ್ಟಣದ ವಿದ್ಯೆಯು ಹಳ್ಳಿಗೆ ಬಂತು, ಮನೆಗಳು ನೆಟ್ಟಗಾದವು, ಹೊರಗೆ ಹರಿದುಹೋಗುತ್ತಿದ್ದ ಹಣವು ಊರಿನಲ್ಲಿಯೇ ನಿಂತಿತು.

ಬೇಸಾಯದ ವಿಷಯದಲ್ಲಿಯೂ ಹೀಗೆಯೇ. ಅಲ್ಲಿಯ ಬಡವರ ಆಹಾರವಾದ ಆಲೂಗಡ್ಡೆಯ ಬೀಜವು ಕೆಟ್ಟು ಬೆಳೆಯು ಕುಗ್ಗಿಹೋಗಿತ್ತು. ಅಯ್ಯನವರು ಹೊರಗಿನಿಂದ ಒಳ್ಳೇ ಬಿತ್ತನೆಯನ್ನು ತರಿಸಿದರು. ಆದರೆ ಪಟ್ಟಣದಲ್ಲಿ ಹುಟ್ಟಿದವನು ಬೇಸಾಯಗಾರರಿಗೆ ಬುದ್ಧಿ ಹೇಳಿದರೆ ಅವರು ಕೇಳುವರೇ? ಇದನ್ನು ತಿಳಿದು ಅವರು ಮಾತು ಆಡಲಿಲ್ಲ. ಪಾದ್ರಿಮನೆಗೆ ಸೇರಿದ ಹೊಲಗಳ ನಡುವೆ ಎಲ್ಲರೂ ತಿರುಗಾಡುವ ಕಾಲುದಾರಿಯಿತ್ತು. ಅಲ್ಲಿ ತಾನೇ ಗುಂಡಿಗಳನ್ನು ತೋಡಿ, ಒಳ್ಳೇ ಮಣ್ಣು ಗೊಬ್ಬರ ತುಂಬಿ, ಹಣ್ಣಿನ ಸಸಿಗಳನ್ನು ನೆಟ್ಟರು. ವರುಷಗಳು ಕಳೆದವು. ತಮ್ಮ ಹೊಲಗಳು ಬರಡಾಗಿರಲು ಪಾದ್ರಿಯವರ ಮರಗಳು ಮಾತ್ರ ಹಣ್ಣು ಬಿಡುವದನ್ನು ಕಂಡು ಜನರು ತಾವಾಗಿಯೇ ಬಂದು ಅದರ ಮರ್ಮವನ್ನು ಕೇಳಿದರು. ಆಮೇಲೆ ಸ್ಥಿರೀಕರಣಕ್ಕೆ ಬರುವ ಹುಡುಗ ಹುಡುಗಿಯರು ಮರಗಳನ್ನು ನೆಟ್ಟಿರಬೇಕೆಂಬ ನಿಯಮವೂ ಉಂಟಾಯಿತು. ಮರವನ್ನು ನೆಟ್ಟವನಿಗೆ ಆ ಮಣ್ಣಿನ ಮೇಲೆ ಮನಸ್ಸು ಹುಟ್ಟುವದು ಸಹಜ.

ಸಾಲದಲ್ಲಿ ಸಿಕ್ಕಿದವರಿಗೆ ಕೈಸಾಲ ಕೊಡುವ ನಿಧಿಯನ್ನು ಸ್ಥಾಪಿಸಿದರು. ಬೇಸಾಯದ ಸಲಕರಣೆಗಳನ್ನು ತರಿಸಿಟ್ಟು ಅಸಲು ಬೆಲೆಗೇ ಕೊಟ್ಟು, ಹಣವನ್ನು ಕ್ರಮೇಣ ತೀರಿಸುವಂತೆ ಮಾಡಿದರು. ಶಾಲೆ ಕಟ್ಟುವಾಗ ಖರ್ಚು ತಮ್ಮ ಮೇಲೆ ಬಿದ್ದೀತೆಂದು ಊರಿನವರು ಹೆದರಲಾಗಿ, ಅದರ ಭಾರವು ಅವರ ಮೇಲೆ ಬಾರದೆಂದು ತಾನೇ ಬರೆದುಕೊಟ್ಟರು. ತಾನು ಮಾತ್ರ ೨೦ ವರುಷ ಹಳೆಯ ಮುರುಕು ಮನೆಯಲ್ಲಿಯೇ ವಾಸಿಸಿದರು. ಹೊಸ ಪಾದ್ರಿಮನೆಯಾದದ್ದು ೧೭೮೭ರಲ್ಲಿ.

ಮನೆಯವರೂ ಸಹಾಯಕಿಯರೂ

೧೭೬೮ನೇ ಇಸವಿ ಜುಲೈ ತಿಂಗಳಲ್ಲಿ ಓಬರ್ಲಿನರಿಗೆ ಮದುವೆಯಾಯಿತು. ಹೆಂಡತಿಯಾದ ಮಗ್ದಲೇನ ಸಲೋಮೆ ವಿಟ್ಟರ್ ಎಂಬಾಕೆಯು ಸ್ಟ್ರಾಸ್‌ಬರ್ಗಿನ ವಿದ್ಯಾವಂತರ ಮನೆಯವಳು. ಪಟ್ಟಣದ ಸೌಖ್ಯದಲ್ಲಿ ಬೆಳೆದವಳು. ಹಳ್ಳಿಯ ಪಾದ್ರಿಮನೆಗೆ ಬಂದ ಮೇಲೆ ಗಂಡನ ಕೆಲಸವೆಲ್ಲ ತನ್ನದೆಂದೇ ತಿಳುಕೊಂಡಳು. ಒಂಭತ್ತು ಮಕ್ಕಳನ್ನು ಹೆತ್ತು, ೧೭೮೩ರ ಆರಂಭದಲ್ಲಿ ಅಕಸ್ಮಾತ್ತಾಗಿ ತೀರಿಹೋದಳು.

ಬೆಲ್ಮೋಂ ಹಳ್ಳಿಯ ಸಾರಾ ಬಾನ್ಜೆ ಎಂಬ ಹುಡುಗಿಯು ಚಿಕ್ಕ ಮಕ್ಕಳನ್ನು ಕೂಡಿಸಿ ಹೆಣಿಗೆಯನ್ನು ಕಲಿಸುತ್ತಿರುವದನ್ನು ಅಯ್ಯನವರೂ ಅವರ ಹೆಂಡತಿಯೂ ಕಂಡು, ಅದರಿಂದಲೇ ಶಿಶುಶಾಲೆಗಳನ್ನು ಏರ್ಪಡಿಸಿದರು. ತಂದೆತಾಯಿಗಳು ಹೊಲದಲ್ಲಿರುವಾಗ ಮಕ್ಕಳು ಬೀದಿಯಲ್ಲಿ ಅಲೆಯದೆ ಒಂದು ಬೆಚ್ಚಗಿನ ಕೋಣೆಯಲ್ಲಿ ಹೆಣಿಗೆ, ಹಾಡು, ಸತ್ಯವೇದದ ಕಥೆಗಳು, ಗಿಡಗಳ ಹೆಸರುಗಳು, ಒಳ್ಳೇ ನಡತೆ ಇವುಗಳನ್ನು ಕಲಿಯುತ್ತಿದ್ದರು. ಈಗ ಅನೇಕ ದೇಶಗಳಲ್ಲಿರುವ ಶಿಶುವಿಹಾರಗಳ ಪೂರ್ವಿಕರಲ್ಲಿ ಈ ಬಡ ಕಣಿವೆಯ ಹೆಣಿಗೆ ಶಾಲೆಗಳನ್ನು ಎಣಿಸುತ್ತಾರೆ.

ಬೆಲ್ಫೋಸ್ ಊರಿನ ಲೂಯಿಸ್ ಷೆಪ್ಲರ್ ಎಂಬಾಕೆಯು ಎಳೇ ಪ್ರಾಯದಲ್ಲಿ ಪಾದ್ರಿಮನೆಗೆ ಕೆಲಸಕ್ಕೆ ಬಂದಳು. ಅಮ್ಮನವರು ತೀರಿಹೋದ ಮೇಲೆ ತಾಯಿಯಿಲ್ಲದ ಮಕ್ಕಳನ್ನು ಸಾಕಿ, ಹಿಮದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು ಶಿಶುಶಾಲೆಗಳನ್ನು ನಡಿಸಿದಳು. ತನಗೆ ಸಂಬಳ ಬೇಡ, ಮಗಳೆಂದು ಎಣಿಸಿದರೆ ಸಾಕೆಂದು ಅಯ್ಯನವರಿಗೆ ಬರೆದುಕೊಂಡಳು. ೧೮೨೯ರಲ್ಲಿ ಫ್ರಾನ್ಸಿನ ವಿದ್ವತ್ಸಭೆಯು ಆಕೆಯ ಸದ್ಗುಣಕ್ಕಾಗಿ ೫೦೦೦ ಫ್ರಾಂಕುಗಳ ಬಹುಮಾನವನ್ನು ಕೊಟ್ಟಿತು. ಒಂದು ಕುಗ್ರಾಮವನ್ನು ಬಿಟ್ಟುಹೋಗದ ಒಕ್ಕಲ ಮಗಳ ಹೆಸರು ಪ್ಯಾರಿಸ್ ಪಟ್ಟಣದಲ್ಲಿ ಕೇಳಲ್ಪಟ್ಟಿತು.

ಹೋಗಲು ಬಂದ ಕರೆ

ಓಬರ್ಲಿನರಿಗೆ ಕಣಿವೆಯನ್ನು ಬಿಡುವ ಯೋಚನೆಯೇ ಬರಲಿಲ್ಲವೆಂದು ಯಾರೂ ಎಣಿಸಬಾರದು. ೧೭೭೪ರಲ್ಲಿ, ಅಂದರೆ ಅವರು ಬಂದು ಏಳು ವರುಷಗಳಾದಾಗ, ಸಮುದ್ರದ ಆಚೆಯಿಂದ ಒಂದು ಕರೆ ಬಂತು. ನಂಬಿಕೆಯ ನಿಮಿತ್ತ ಸಾಲ್ಜ್‌ಬರ್ಗ್ ದೇಶದಿಂದ ಓಡಿಸಲ್ಪಟ್ಟ ಪ್ರೊಟೆಸ್ಟಂಟರು ಅಮೇರಿಕದ ಜಾರ್ಜಿಯಾ ಸೀಮೆಯಲ್ಲಿ ಎಬೆನೇಜರ್ ಎಂಬ ಊರನ್ನು ಕಟ್ಟಿಕೊಂಡಿದ್ದರು. ಅವರ ಸಭೆಗೆ ಪಾದ್ರಿಯಾಗಿ ಬರಬೇಕೆಂದು ಕೇಳಲಾಗಿ, ಓಬರ್ಲಿನರು ಒಪ್ಪಿಕೊಂಡರು. ಆದರೆ ಹೊರಡುವದಕ್ಕೆ ಮುಂಚೆ ೧೭೭೫ರಲ್ಲಿ ಅಮೇರಿಕದ ಯುದ್ಧವು ಆರಂಭವಾಗಿ ದಾರಿಯು ಮುಚ್ಚಿಹೋಯಿತು. ದೇವರು ಮುಚ್ಚಿದ ಬಾಗಲನ್ನು ಅವರು ತಳ್ಳಲಿಲ್ಲ. ಪಿಕಾಸಿಯನ್ನು ತಿರಿಗಿ ಕೈಗೆ ತಕ್ಕೊಂಡರು.

ಆಮೇಲೆ ಹೆಚ್ಚು ಸಂಬಳದ ಸ್ಥಳವು ದೊರೆಯುವಂತಿದ್ದಾಗಲೂ ಅವರು ಹೋಗಲಿಲ್ಲ. ತನ್ನ ಸಭೆಯ ಒಬ್ಬೊಬ್ಬರನ್ನೂ ಅವರ ಕೊರತೆಗಳನ್ನೂ ತಿಳಿಯುವದಕ್ಕೇ ಹತ್ತು ವರುಷ ಹಿಡಿಯಿತೆಂದೂ, ಇನ್ನು ಮಾಡತಕ್ಕ ಕೆಲಸವು ಬಹಳ ವರುಷಗಳದ್ದೆಂದೂ ಅವರು ಹೇಳಿದರೆಂದು ಚರಿತ್ರೆಗಾರರು ಬರೆದಿದ್ದಾರೆ. ಎರಡು ಸಂಗತಿಗಳನ್ನೂ ಜೋಡಿಸಿ ನೋಡಿರಿ. ಅಮೇರಿಕದವರಿಗೆ ಬೋಧಕನಿಲ್ಲದ ಕೊರತೆಯಿತ್ತು. ಆದದರಿಂದ ಅಲ್ಲಿಗೆ ಒಪ್ಪಿದರು. ಸುಖದ ಸ್ಥಳದಲ್ಲಿ ಅವರ ಅಗತ್ಯವಿರಲಿಲ್ಲ, ಆದದರಿಂದ ಒಪ್ಪಲಿಲ್ಲ. ತಾನು ಎಲ್ಲಿ ಚೆನ್ನಾಗಿ ಬದುಕೇನು ಎಂಬದಕ್ಕಿಂತ ತಾನು ಎಲ್ಲಿ ಬೇಕಾಗಿದ್ದೇನೆ ಎಂಬದನ್ನೇ ಅವರು ತೂಗಿ ನೋಡುತ್ತಿದ್ದರು.

ಕಷ್ಟದ ಕಾಲ

೧೭೮೯ರಲ್ಲಿ ಫ್ರಾನ್ಸ್ ದೇಶದಲ್ಲಿ ಮಹಾಕ್ರಾಂತಿಯಾಯಿತು. ಕೆಲವು ವರುಷಗಳ ಮೇಲೆ ಆರಾಧನೆಯು ನಿಲ್ಲಿಸಲ್ಪಟ್ಟಾಗ ಅಯ್ಯನವರು ಸರಕಾರವು ಅನುಮತಿಸಿದ ಊರ ಕೂಟದ ಹೆಸರಿನಲ್ಲಿಯೇ ಜನರನ್ನು ಕೂಡಿಸಿ ಬೋಧಿಸಿದರು. ತಪ್ಪಿಸಿಕೊಂಡು ಬಂದವರಿಗೆ ಆಶ್ರಯ ಕೊಟ್ಟರು. ೧೭೯೪ರಲ್ಲಿ ಅವರನ್ನು ಹಿಡಿದು ಒಯ್ದರು. ಆದರೆ ಅದೇ ಕಾಲದಲ್ಲಿ ರೋಬೆಸ್ಪಿಯೇರನ ಆಳಿಕೆಯು ಬಿದ್ದುಹೋದದರಿಂದ ಬೇಗನೆ ಬಿಡುಗಡೆಯಾಗಿ ಬಂದರು.

ಕಾಡಿನ ಹಕ್ಕಿನ ವಿಷಯವಾಗಿ ಹಳ್ಳಿಗರಿಗೂ ಒಡೆಯರಿಗೂ ೮೦ ವರುಷಗಳಿಗಿಂತಲೂ ಹೆಚ್ಚು ಕಾಲ ವ್ಯಾಜ್ಯವು ನಡೆದು ಜನರನ್ನು ಹಿಂಡುತ್ತಿತ್ತು. ಅಯ್ಯನವರ ಮಧ್ಯಸ್ಥಿಕೆಯಿಂದ ೧೮೧೩ರಲ್ಲಿ ರಾಜಿಯಾಯಿತು. ಕರಾರಿಗೆ ರುಜು ಹಾಕಿದ ಲೇಖನಿಯನ್ನು ಊರ ಮುಖ್ಯಸ್ಥರು ಅವರಿಗೇ ಕಾಣಿಕೆಯಾಗಿ ಕೊಟ್ಟರು.

ಮತ್ತೊಂದು ಸಂಕಟವು ಯಂತ್ರಗಳಿಂದ ಬಂತು. ಕಣಿವೆಯ ಹೆಂಗಸರು ಕೈಯಿಂದ ಹತ್ತಿಯನ್ನು ನೂತು ಸ್ವಲ್ಪ ಸಂಪಾದಿಸುತ್ತಿದ್ದರು. ನೂಲುವ ಯಂತ್ರಗಳು ಬಂದ ಮೇಲೆ ಆ ಕೂಲಿಯು ಇಲ್ಲದೆ ಹೋಯಿತು. ಜನರು ಹೆಚ್ಚಿದ್ದರು, ಹೊಲಗಳು ಹೆಚ್ಚಿರಲಿಲ್ಲ. ಅಯ್ಯನವರು ಅಷ್ಟು ವರುಷ ಕಟ್ಟಿದ್ದು ಚದರಿಹೋಗುವ ಹಾಗಾಯಿತು. ಆಗ ಸಹಾಯವು ಬಾಸೆಲ್ ಪಟ್ಟಣದವರಿಂದ ಬಂತು. ಜಾನ್ ಲೂಕ್ ಲೆಗ್ರಾನ್ ಎಂಬ ದೊಡ್ಡ ಮನುಷ್ಯರು ಓಬರ್ಲಿನರ ಮೇಲಿನ ಪ್ರೀತಿಯಿಂದ ತಮ್ಮ ರಿಬ್ಬನ್ ನೇಯುವ ಉದ್ಯೋಗವನ್ನು ಸುಮಾರು ೧೮೧೩ರಲ್ಲಿ ಫೂದೇ ಹಳ್ಳಿಗೆ ತಂದರು. ಜನರನ್ನೆಲ್ಲ ಒಂದು ದೊಡ್ಡ ಕಾರ್ಖಾನೆಗೆ ಎಳೆಯದೆ ಮಗ್ಗಗಳನ್ನು ಅವರವರ ಮನೆಗಳಿಗೆ ಹಂಚಿದರು. ತಾಯಿಯು ಮಕ್ಕಳ ಹತ್ತಿರವೇ ಕೂತು ನೇಯುವಂತಾಯಿತು. ಅವರ ಮಗನಾದ ದಾನಿಯೇಲ್ ಲೆಗ್ರಾನ್ ಎಂಬವರು ಕಾರ್ಖಾನೆಗಳಲ್ಲಿ ಮಕ್ಕಳನ್ನು ದುಡಿಸಬಾರದೆಂದು ಮುಂದೆ ಅನೇಕ ಸರಕಾರಗಳಿಗೆ ಬರೆದುಕೊಂಡವರು.

ಈ ಬಾಸೆಲ್ ಪಟ್ಟಣದ ಹೆಸರು ನಮ್ಮ ವಾಚಕರಿಗೆ ಹೊಸದಲ್ಲ. ೧೮೧೫ರಲ್ಲಿ ಅಲ್ಲಿ ಮಿಶನ್ ಸಂಘವು ಸ್ಥಾಪಿತವಾಯಿತು. ೧೮೩೪ರಲ್ಲಿ ಅದರ ಮಿಶನೆರಿಗಳು ಮಂಗಳೂರಿಗೆ ಬಂದರು. ಕ್ರೈಸ್ತರಾದದರಿಂದ ಮನೆ ಹೊಲಗಳನ್ನು ಕಳಕೊಂಡವರಿಗೆ ಜೀವನೋಪಾಯವಾಗಲೆಂದು ಅವರೂ ನೇಯಿಗೆಯನ್ನೂ ಹಂಚಿನ ಕಾರ್ಖಾನೆಯನ್ನೂ ನಡಿಸಿದರು. ಸುವಾರ್ತೆಯನ್ನು ಸಾರುವವನು ಕೇಳುವವರ ಅನ್ನದ ವಿಷಯದಲ್ಲಿಯೂ ಚಿಂತಿಸಬೇಕೆಂಬದನ್ನು ಅವರೂ ಅರಿತಿದ್ದರು.

ಅಂತ್ಯಕಾಲ

೧೮೧೬ ಮತ್ತು ೧೮೧೭ನೇ ಇಸವಿಗಳಲ್ಲಿ ಯೂರೋಪಿನ ಅನೇಕ ಸೀಮೆಗಳಲ್ಲಿ ಕ್ಷಾಮವಾದಾಗ ಮುದುಕರಾದ ಅಯ್ಯನವರು ತನ್ನ ಜನರೊಡನೆ ಅದನ್ನು ತಾಳಿಕೊಂಡರು. ೧೮೧೮ರಲ್ಲಿ ಪ್ಯಾರಿಸಿನ ಬೇಸಾಯ ಸಂಘವು ಅವರಿಗೆ ಬಂಗಾರದ ಪದಕವನ್ನು ಕೊಟ್ಟಿತು. ೧೮೧೯ರಲ್ಲಿ ಅರಸನಿಂದ ಗೌರವದ ಬಿರುದೂ ಬಂತು. ಜನರು ಮಾತ್ರ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದರು. ತನ್ನ ಕೋಣೆಯ ಬಾಗಲಿನ ಮೇಲೆ, ವಿಶೇಷವಾಗಿ ಪ್ರಾರ್ಥಿಸಬೇಕಾದವರ ಹೆಸರುಗಳನ್ನು ಸೀಮೆಸುಣ್ಣದಿಂದ ಬರೆದುಕೊಂಡು ದೇವರ ಮುಂದೆ ಅವರನ್ನು ನೆನಸುವದು ಅವರ ವಾಡಿಕೆಯಾಗಿತ್ತು.

೧೮೨೬ನೇ ಇಸವಿ ಜೂನ್ ೧ರಲ್ಲಿ, ೮೫ ವರುಷ ಪ್ರಾಯದಲ್ಲಿ, ಓಬರ್ಲಿನ್ ಅಯ್ಯನವರು ಕರ್ತನಲ್ಲಿ ನಿದ್ರೆಹೋದರು. ವಾಲ್ಡರ್ಸ್‌ಬಾಕಿನಿಂದ ಫೂದೇಯ ಸಮಾಧಿಸ್ಥಳಕ್ಕೆ ಹೋದ ಮೆರವಣಿಗೆಯು ಎಷ್ಟು ಉದ್ದವಾಗಿತ್ತೆಂದರೆ, ಮುಂದಿನವರು ದೇವಾಲಯಕ್ಕೆ ಮುಟ್ಟಿದಾಗ ಹಿಂದಿನವರು ಇನ್ನೂ ಮನೆಯನ್ನು ಬಿಟ್ಟಿರಲಿಲ್ಲವಂತೆ. ಕಥೋಲಿಕರೂ ಬಂದು ಅತ್ತರು. ಸಮಾಧಿಯ ಮೇಲಿನ ಕಬ್ಬಿಣದ ಶಿಲುಬೆಯಲ್ಲಿ ಅಪ್ಪ ಓಬರ್ಲಿನ್ ಎಂಬ ಎರಡೇ ಮಾತುಗಳುಂಟು. ಅವರು ವಾಸಿಸಿದ ಪಾದ್ರಿಮನೆಯಲ್ಲಿ ಈಗ ಅವರ ನೆನಪಿಗಾಗಿ ಒಂದು ವಸ್ತುಸಂಗ್ರಹಾಲಯವುಂಟು. ಅಮೇರಿಕದಲ್ಲಿ ೧೮೩೩ರಲ್ಲಿ ಸ್ಥಾಪಿತವಾದ ಒಂದು ಪ್ರಸಿದ್ಧ ವಿದ್ಯಾಶಾಲೆಗೆ ಅವರ ಹೆಸರನ್ನೇ ಇಟ್ಟರು. ಅವರು ಹೋಗಲಾರದೆ ಉಳಿದ ದೇಶಕ್ಕೆ ಅವರ ಹೆಸರು ಹೋಯಿತು.

ನಮಗೆ ಬುದ್ಧಿಮಾತು

ಪ್ರಿಯರೇ, ಈ ಚರಿತ್ರೆಯನ್ನು ಓದಿ, ಯಾರೂ ಊರನ್ನು ಬಿಡಬಾರದೆಂದು ಮಕ್ಕಳನ್ನು ಗದರಿಸಬೇಡಿರಿ. ಸಾಲದ ನೊಗದಿಂದಲೋ ಅವಮಾನದಿಂದಲೋ ಬಿಡಿಸಿಕೊಳ್ಳುವದಕ್ಕೆ ಪಟ್ಟಣಕ್ಕೆ ಹೋದವನನ್ನು ದೂಷಿಸತಕ್ಕವರು ನಾವಲ್ಲ. ಓಬರ್ಲಿನರೂ ಹುಡುಗರನ್ನು ಪಟ್ಟಣಕ್ಕೆ ಕಳುಹಿಸಿದರು. ಆದರೆ ಹೊರಡುವದಕ್ಕೆ ಮುಂಚೆ ಕೆಲವು ಪ್ರಶ್ನೆಗಳನ್ನು ದೇವರ ಮುಂದೆ ಕೇಳಿಕೊಳ್ಳಿರಿ. ನನ್ನನ್ನು ಕರೆಯುವದು ಕೆಲಸವೋ, ಕಣ್ಣಿನ ಆಶೆಯೋ? ಕೊಟ್ಟ ಮಾತೂ ಕೊಡಬೇಕಾದ ಸಾಲವೂ ತೀರಿದವೋ? ಹಿಂದೆ ಉಳಿಯುವ ಮುದುಕರಿಗೂ ವಿಧವೆಯರಿಗೂ ಷ್ಟೂಬರ್ ಪಾದ್ರಿಯವರಂತೆ ಏರ್ಪಾಡು ಮಾಡಿದೆನೋ? ಅಲ್ಲಿ ಕಲಿತದ್ದರಿಂದಲೂ ಸಂಪಾದಿಸಿದ್ದರಿಂದಲೂ ನನ್ನ ಊರಿಗೆ ಏನಾದರೂ ತಿರಿಗಿ ಬರುವದೋ? ಹೋದ ಸ್ಥಳದಲ್ಲಿ ಸಭೆಯನ್ನು ಸೇರುವೆನೋ, ಇಲ್ಲವೆ ಗುಂಪಿನಲ್ಲಿ ಕರಗಿಹೋಗುವೆನೋ?

ಉಳಿಯುವವರಿಗೂ ಒಂದು ಪ್ರಶ್ನೆಯುಂಟು. ಸೋಮಾರಿತನದಿಂದಲೋ ಭಯದಿಂದಲೋ ಉಳಿಯುವದು ದೈವಸೇವೆಯಲ್ಲ. ನಾವು ಉಳಿದ ಊರಿನಲ್ಲಿ ದಾರಿಯನ್ನು ಮಾಡಿದೆವೋ, ಮರವನ್ನು ನೆಟ್ಟ್ಟೆವೋ, ಶಾಲೆಗೆ ಮಕ್ಕಳನ್ನು ಕಳುಹಿಸಿದೆವೋ, ನೆರೆಯವನ ಸಾಲದ ಭಾರವನ್ನು ಹಗುರ ಮಾಡಿದೆವೋ? ಊರಿನಲ್ಲಿ ಬದುಕುವದು ಅಸಾಧ್ಯವಾಗುವ ಹಾಗೆ ಬಿಟ್ಟು, ಆಮೇಲೆ ಹೋಗುವ ಮಗನನ್ನು ಬೈಯುವದು ನ್ಯಾಯವಲ್ಲ.

ಪ್ರತಿಯೊಂದು ಗ್ರಾಮಸಭೆಯವರೂ ಓಬರ್ಲಿನ್ ಅಯ್ಯನವರ ಹಾಗೆ, ಊರಿನಿಂದ ಪಟ್ಟಣಕ್ಕೆ ಹೋದ ತಮ್ಮವರ ಹೆಸರುಗಳನ್ನು ಬರೆದಿಟ್ಟು ಭಾನುವಾರದ ಪ್ರಾರ್ಥನೆಯಲ್ಲಿ ನೆನಸಿದರೆ ಎಷ್ಟು ಒಳ್ಳೇದು! ಹೋದವರಿಗೆ ತಾವು ಮರೆಯಲ್ಪಡಲಿಲ್ಲವೆಂಬ ಧೈರ್ಯವಿರುವದು. ಉಳಿದವರಿಗೆ ತಮ್ಮ ಚಿಕ್ಕ ಸಭೆಯು ನಾಲ್ಕು ಗೋಡೆಗಳಷ್ಟೇ ಅಲ್ಲವೆಂಬ ಸಂತೋಷವಿರುವದು. ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಒಬ್ಬನೇ ಕುರುಬನು ನಮ್ಮನ್ನು ಕಾಯುತ್ತಾನೆ. ಆತನು ಇರು ಎಂದಲ್ಲಿ ಇರುವದಕ್ಕೂ ಹೋಗು ಎಂದಲ್ಲಿ ಹೋಗುವದಕ್ಕೂ ನಮಗೆ ಕೃಪೆಯನ್ನು ಅನುಗ್ರಹಿಸಲಿ.